ಹಳ್ಳಿ, ಹಲ್ಲಿ ಮತ್ತು ಆರ್ಕುಟ್



ಕಳೆದ ತಿಂಗಳು ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿ ವಾಟ್ಸ್‌ಆ್ಯಪ್‌ನಲ್ಲಿ ನನ್ನನ್ನು ರಜೆ ಕೇಳಿದ. ಭಾಷೆ ಕನ್ನಡ, ಅಕ್ಷರ ಇಂಗ್ಲಿಷ್. ಅವನು ಹೇಳಬೇಕೆಂದಿದ್ದದ್ದು ‘ಸರ್, ನಾಳೆ ಹಳ್ಳಿಗೆ ಹೋಗಬೇಕು’ ಎಂದು. ನಾನು ಓದಿಕೊಂಡದ್ದು ‘ಸರ್, ನಾಲೆ ಹಲ್ಲಿಗೆ ಹೋಗಬೇಕು’ ಎಂದು. ಅವನು ಊರಿನಿಂದ ಬಂದ ಮೇಲೆ ಇದನ್ನು ತರಗತಿಯಲ್ಲಿ ಹೇಳಿದೆ. ಎಲ್ಲರೂ ನಕ್ಕರು, ಅವನೂ ನಕ್ಕ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: ‘ಸರ್, ನೀವು ಪಿಯುಸಿ ಓದುವಾಗ ಇದೆಲ್ಲ ಎಲ್ಲಿತ್ತು? ನೀವೇನು ಮಾಡ್ತಿದ್ರಿ?’

ಇತ್ತು. ಇನ್‌ಸ್ಟಾಗ್ರಾಂ ಇರಲಿಲ್ಲ, ಆರ್ಕುಟ್ ಇತ್ತು. ಹಳ್ಳಿಯನ್ನು ಹಲ್ಲಿ ಮಾಡುವ ಕೆಲಸವನ್ನು ನಾವು ನಿಮಗಿಂತ ಮೊದಲೇ ಮಾಡಿ ಮುಗಿಸಿದ್ದೆವು. ಅದಕ್ಕಿಂತ ದೊಡ್ಡ ತಪ್ಪುಗಳನ್ನೂ ಮಾಡಿದ್ದೆವು. ಆ ದಿನ ಗಂಟೆ ಹೊಡೆದದ್ದರಿಂದ ಪೂರ್ತಿ ಹೇಳಲಾಗಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೆಜೆಸ್ಟಿಕ್ ಬಳಿಯ ಸೈಬರ್ ಕೆಫೆ

ನಾನು ಪಿಯುಸಿ ಓದಿದ್ದು 2005ರಿಂದ 2007ರವರೆಗೆ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಹತ್ತು ವರ್ಷ ಕಳೆದಿದ್ದರೂ ನಮ್ಮಂಥವರ ಮನೆಗೆ ಅದು ಬಂದಿರಲಿಲ್ಲ. ಕಾಲೇಜು ಬಿಟ್ಟ ಮೇಲೆ ಗಾಂಧಿನಗರದ ಒಂದು ಕಟ್ಟಡದ ಮೊದಲ ಮಹಡಿಯಲ್ಲಿದ್ದ ಸೈಬರ್ ಕೆಫೆಗೆ ಹೋಗುತ್ತಿದ್ದೆವು. ಅರ್ಧ ಗಂಟೆಗೆ ಹತ್ತು ರೂಪಾಯಿ. ಪ್ಲೈವುಡ್ ಹಾಕಿ ಮಾಡಿದ ಎಂಟು ಗೂಡುಗಳು, ಅಕ್ಷರ ಸವೆದುಹೋದ ಕೀಬೋರ್ಡ್‌ಗಳು. ಬಾಗಿಲ ಬಳಿ ಒಂದು ರಿಜಿಸ್ಟರ್ ಇರುತ್ತಿತ್ತು. ಕರ್ನಾಟಕದಲ್ಲಿ ಸೈಬರ್ ಕೆಫೆಗಳಿಗೆ 2004ರಲ್ಲೇ ನಿಯಮಗಳು ಬಂದಿದ್ದರಿಂದ ಕಾಲೇಜಿನ ಐಡಿ ಕಾರ್ಡ್ ತೋರಿಸಿ, ಹೆಸರು ಮತ್ತು ಸಮಯ ಬರೆದು ಒಳಗೆ ಹೋಗಬೇಕಿತ್ತು. ಸಮಯ ಮುಗಿದರೆ ಮಾಲೀಕರು ಕೂತಲ್ಲಿಂದಲೇ ‘ಐದನೇ ನಂಬರ್, ಟೈಮ್ ಆಯ್ತಪ್ಪ’ ಎಂದು ಕೂಗುತ್ತಿದ್ದರು.

ಒಬ್ಬನ ಹತ್ತು ರೂಪಾಯಿಗೆ ಇಬ್ಬರು ಕೂರುತ್ತಿದ್ದೆವು. ನಾನು ಮತ್ತು ನನ್ನ ಗೆಳೆಯ. ಅವನು ಕೋಲಾರದ ಕಡೆಯ ಹಳ್ಳಿಯವನು, ಕಾಟನ್‌ಪೇಟೆಯಲ್ಲಿ ಅಣ್ಣನ ಜೊತೆ ರೂಮಿನಲ್ಲಿದ್ದ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ನನ್ನ ಮನೆಮಾತು ದಖನಿ. ಅವನಿಗೆ ಇಂಗ್ಲಿಷ್ ಹೆದರಿಕೆ, ನನಗೆ ಆಗ ಕನ್ನಡ ಬರೆಯುವುದೆಂದರೆ ಹೆದರಿಕೆ. ಇಬ್ಬರೂ ಪರಸ್ಪರ ಸಾಲ ಕೊಟ್ಟುಕೊಂಡು ನಡೆಸುತ್ತಿದ್ದೆವು.

ಆರ್ಕುಟ್ ಆರಂಭವಾದದ್ದು 2004ರ ಜನವರಿಯಲ್ಲಿ. ಗೂಗಲ್‌ನಲ್ಲಿ ಕೆಲಸ ಮಾಡುತ್ತಿದ್ದ, ಟರ್ಕಿ ಮೂಲದ ಎಂಜಿನಿಯರ್ ಒಬ್ಬರು ಇದನ್ನು ರೂಪಿಸಿದರು. ಅವರ ಹೆಸರೇ ಆರ್ಕುಟ್. ಮೊದಮೊದಲು ಒಳಗಿರುವವರು ಆಹ್ವಾನ ಕಳಿಸಿದರೆ ಮಾತ್ರ ಪ್ರವೇಶವಿತ್ತು. 2006ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು. ಇದು ಹೆಚ್ಚು ಜನಪ್ರಿಯವಾದದ್ದು ಹುಟ್ಟಿದ ಅಮೆರಿಕದಲ್ಲಲ್ಲ, ಬ್ರೆಜಿಲ್‌ನಲ್ಲಿ ಮತ್ತು ನಮ್ಮ ದೇಶದಲ್ಲಿ.

ಅದರಲ್ಲಿ ಮುಖ್ಯವಾಗಿ ಮೂರು ಸಂಗತಿಗಳಿದ್ದವು. ಒಂದು, ಸ್ಕ್ರ್ಯಾಪ್: ಒಬ್ಬರ ಪುಟಕ್ಕೆ ಹೋಗಿ ಇನ್ನೊಬ್ಬರು ಬರೆದು ಬರುವ ಚಿಕ್ಕ ಚೀಟಿ. ಎರಡು, ಕಮ್ಯುನಿಟಿ: ಒಂದೇ ಆಸಕ್ತಿ ಇರುವವರ ಗುಂಪು. ಊರು, ಕಾಲೇಜು, ಬಸ್ ರೂಟು, ನೆಚ್ಚಿನ ನಟ, ಮಸಾಲೆ ದೋಸೆ, ಎಲ್ಲದಕ್ಕೂ ಕಮ್ಯುನಿಟಿ. ಮೂರು, ಟೆಸ್ಟಿಮೋನಿಯಲ್: ಗೆಳೆಯನ ಬಗ್ಗೆ ಗೆಳೆಯ ಬರೆದುಕೊಡುವ ನಾಲ್ಕು ಒಳ್ಳೆಯ ಮಾತು. ಅದನ್ನು ಪಡೆದವನು ಒಪ್ಪಿದರೆ ಮಾತ್ರ ಅವನ ಪುಟದಲ್ಲಿ ಕಾಣುತ್ತಿತ್ತು. ಈ ಮೂರನೆಯದನ್ನು ನೆನಪಿಡಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಲಿಪಿಯ ಪಾಠ

ಆ ಕೆಫೆಯಲ್ಲಿ ನಾವು ಬರೆದದ್ದೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ, ಇಂಗ್ಲಿಷ್ ಅಕ್ಷರಗಳಲ್ಲಿ ದಖನಿ. ಇದರಿಂದ ಒಂದು ಲಾಭವೂ ಆಯಿತು. ಉರ್ದು ಲಿಪಿ ಗೊತ್ತಿಲ್ಲದ ನನ್ನ ಗೆಳೆಯ ನಮ್ಮ ‘ಹೌ’, ‘ನಕ್ಕೋ’ಗಳನ್ನು ಓದಿ ಕಲಿತ. ಕನ್ನಡ ಲಿಪಿಯಲ್ಲಿ ತಡವರಿಸುತ್ತಿದ್ದ ನನ್ನ ಕಸಿನ್‌ಗಳು ಅವನ ಕನ್ನಡವನ್ನು ಓದಿ ನಕ್ಕರು. ಮೂರು ಮನೆಮಾತಿನ ಹುಡುಗರು ಒಂದೇ ಕಮ್ಯುನಿಟಿಯಲ್ಲಿ ಮಾತಾಡಲು ಆ ಇಪ್ಪತ್ತಾರು ಅಕ್ಷರಗಳು ಸಾಕಾದವು. ಆದ್ದರಿಂದ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದೇ ಅಪರಾಧ ಎಂದು ನಾನು ನಿಮಗೆ ಹೇಳುವುದಿಲ್ಲ.

ಆದರೆ ನಷ್ಟ ಏನೆಂದು ಗೊತ್ತಿರಬೇಕು. ಕನ್ನಡದಲ್ಲಿ ಲ ಬೇರೆ, ಳ ಬೇರೆ. ಹ್ರಸ್ವ ಬೇರೆ, ದೀರ್ಘ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಬಲೆ, ಬಳೆ, ಬಾಳೆ ಮೂರೂ ಒಂದೇ ಆಗುತ್ತವೆ. 2006ರ ಡಿಸೆಂಬರ್ ಕೊನೆಗೆ ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ ತೆರೆಗೆ ಬಂದಾಗ ನಮ್ಮ ಕಮ್ಯುನಿಟಿಗಳಲ್ಲಿ ಅದೇ ಮಾತು. ನಾವು ಬರೆಯುತ್ತಿದ್ದ ರೀತಿಯಲ್ಲಿ ಅದನ್ನು ಮುಂಗಾರು ಮಳೆ ಎಂದೂ, ಮುಂಗಾರು ಮಲೆ ಎಂದೂ, ಮುಂಗಾರು ಮಾಲೆ ಎಂದೂ ಓದಬಹುದಿತ್ತು. ಕನ್ನಡ ಬಾರದವರು ‘ಮುಂಗಾರು ಮೇಲ್’ ಎಂದು ಓದಿ, ಇದು ಯಾವ ರೈಲು ಎಂದು ಕೇಳುತ್ತಿದ್ದರು. ಭಾಷೆ ಮೊದಲೇ ಗೊತ್ತಿರುವವನಿಗೆ ಮಾತ್ರ ಸಂದರ್ಭ ನೋಡಿ ಸರಿಯಾಗಿ ಓದಲು ಬರುತ್ತದೆ. ಹೊಸದಾಗಿ ಕಲಿಯುವವನಿಗೆ ಆ ಬರಹ ಏನನ್ನೂ ಕಲಿಸುವುದಿಲ್ಲ.

ಹಾಗಾದರೆ ಕನ್ನಡದಲ್ಲೇ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ತಂತ್ರಾಂಶಗಳೇನೋ ಇದ್ದವು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲೇ ಬಂದಿತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಲ್ಲಿ ಬಳಕೆಯಲ್ಲಿತ್ತು. ಅದರ ಕೀಲಿಮಣೆಯ ವಿನ್ಯಾಸ ಕೆ. ಪಿ. ರಾವ್ ಅವರದು. ತೊಡಕು ಇದ್ದದ್ದು ಬೇರೆ ಕಡೆ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಆ ಕಾಲದ ಕನ್ನಡ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳಿಗೆ ಕೊಟ್ಟ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಬರೆದವನ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತಿತ್ತು. ಆ ಫಾಂಟ್ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ಅದೇ ಬರಹ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತಿತ್ತು.

ಇದಕ್ಕೆ ಪರಿಹಾರ ಯೂನಿಕೋಡ್. ಲೋಕದ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಬೇರೆಯದೇ ಸಂಖ್ಯೆ ಕೊಡುವ ವ್ಯವಸ್ಥೆ ಇದು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. 3200ರಿಂದ 3327ರವರೆಗಿನ 128 ಸ್ಥಾನಗಳು ನಮ್ಮವು. ಅದರಲ್ಲಿ ಲ ಅಕ್ಷರದ ಸಂಖ್ಯೆ 3250, ಳ ಅಕ್ಷರದ್ದು 3251. ಎರಡೂ ಬೇರೆ ಎಂದು ಈಗ ಕಂಪ್ಯೂಟರಿಗೂ ಗೊತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟ್ ಕೂಡ ಇತ್ತು. ಆದರೆ ಸೆಟ್ಟಿಂಗ್ ಬದಲಾಯಿಸದಿದ್ದರೆ ಒತ್ತಕ್ಷರಗಳು ಸರಿಯಾಗಿ ಮೂಡುತ್ತಿರಲಿಲ್ಲ. ಕೆಫೆಗಳಲ್ಲಿ ಅದನ್ನು ಮಾಡುವವರಿರಲಿಲ್ಲ.

ನಮ್ಮ ಕೆಫೆಯಲ್ಲಿ ಅದನ್ನು ಮಾಡಿದವನು ನನ್ನ ಗೆಳೆಯ. ಮಾಲೀಕರನ್ನು ಕಾಡಿ ಬೇಡಿ ಸಿಡಿ ತರಿಸಿ, ಐದನೇ ನಂಬರಿನ ಕಂಪ್ಯೂಟರಿನಲ್ಲಿ ಕನ್ನಡ ಬರುವಂತೆ ಮಾಡಿದ. ಅಲ್ಲಿಂದ ಮುಂದೆ ಅದು ಖಾಲಿಯಾಗುವವರೆಗೆ ನಾವು ಕಾಯುತ್ತಿದ್ದೆವು. 2007ರಲ್ಲಿ ಆರ್ಕುಟ್ ಕೂಡ ಹಿಂದಿ, ಬಂಗಾಳಿ, ಮರಾಠಿ, ತಮಿಳು, ತೆಲುಗುಗಳ ಜೊತೆಗೆ ಕನ್ನಡದಲ್ಲೂ ಬಂತು. ನಾನು ಇವತ್ತು ನಿಮಗೆ ಕನ್ನಡ ಪಾಠ ಮಾಡುತ್ತಿದ್ದರೆ ಅದರ ಮೊದಲ ಪಾಠ ಆಗಿದ್ದು ಆ ಐದನೇ ನಂಬರಿನ ಮುಂದೆ.

ಮಲೇಷ್ಯಾದ ಹುಡುಗರ ಕಥೆ

ಇದು ನಮ್ಮೊಬ್ಬರ ಕಥೆ ಎಂದು ತಿಳಿಯಬೇಡಿ. ನಾವು ಆರ್ಕುಟ್‌ನಲ್ಲಿದ್ದ ಕಾಲಕ್ಕೆ ಮಲೇಷ್ಯಾದ ಮಲಯ ಮಾತಾಡುವ ಹುಡುಗ ಹುಡುಗಿಯರು ‘ಫ್ರೆಂಡ್‌ಸ್ಟರ್’ನಲ್ಲಿದ್ದರು. ಅದು 2002ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಆಗ್ನೇಯ ಏಷ್ಯಾದಲ್ಲಿ ಬೆಳೆದದ್ದು. ಅಲ್ಲೂ ಟೆಸ್ಟಿಮೋನಿಯಲ್ ಬರೆಯುವ ಪದ್ಧತಿ ಇತ್ತು.

ಲಿಪಿಯ ವಿಷಯದಲ್ಲಿ ಅವರ ದಾರಿ ನಮಗಿಂತ ಬೇರೆ. ಮಲಯ ಭಾಷೆಯನ್ನು ಶತಮಾನಗಳ ಕಾಲ ಅರಬ್ಬಿ ಮೂಲದ ‘ಜಾವಿ’ ಲಿಪಿಯಲ್ಲಿ ಬರೆಯುತ್ತಿದ್ದರು. ಬ್ರಿಟಿಷರ ಕಾಲದಿಂದ ರೋಮನ್ ಅಕ್ಷರದ ‘ರೂಮಿ’ ಬರಹ ಬೆಳೆದು, ಈಗ ಶಾಲೆ, ಕಚೇರಿ, ಪತ್ರಿಕೆ ಎಲ್ಲದರಲ್ಲೂ ಅದೇ ಹೆಚ್ಚು. ಹಾಗಾಗಿ ಕೀಬೋರ್ಡ್ ಎದುರು ಕೂತ ಮಲಯ ಹುಡುಗನಿಗೆ ನಮಗಿದ್ದ ಅಡ್ಡಿ ಇರಲಿಲ್ಲ. ಅವನು ಅಕ್ಷರ ಉಳಿಸುವ ಆಟಕ್ಕೆ ಇಳಿದ. ‘ಇಲ್ಲ’ ಎಂಬರ್ಥದ ‘ತಕ್’ ಪದದ ಬದಲು ಎಕ್ಸ್ ಅಕ್ಷರ ಒಂದನ್ನೇ ಹಾಕಿದ. ಮಲಯದಲ್ಲಿ ಗೆಳೆಯನಿಗೆ ‘ಕವನ್’ ಎನ್ನುತ್ತಾರೆ, ಗೆಳೆಯರು ಎನ್ನಲು ‘ಕವನ್-ಕವನ್’. ನಾವು ವ್ಯಾಕರಣದಲ್ಲಿ ದ್ವಿರುಕ್ತಿ ಎನ್ನುತ್ತೇವಲ್ಲ, ಅಂಥದ್ದು. ಆನ್‌ಲೈನ್ ಹುಡುಗರು ಪದವನ್ನು ಒಮ್ಮೆ ಬರೆದು ಪಕ್ಕದಲ್ಲಿ 2 ಎಂದು ಹಾಕಿದರು. ಹಿರಿಯರು ಭಾಷೆ ಕೆಟ್ಟಿತು ಎಂದರು. ಸ್ವಾರಸ್ಯವೆಂದರೆ 1972ರ ಕಾಗುಣಿತ ಸುಧಾರಣೆಗೆ ಮೊದಲು ಆ ಹಿರಿಯರೂ ಹಾಗೆಯೇ 2 ಹಾಕಿ ಬರೆಯುತ್ತಿದ್ದರು. ಕಿರಿಯರ ಹೊಸ ಚಾಳಿ ಎಂದುಕೊಂಡದ್ದು ಅಜ್ಜನ ಕಾಲದ ಬರವಣಿಗೆಯಾಗಿತ್ತು.

ಮುಂದಿನ ಭಾಗ ಅಷ್ಟು ಸ್ವಾರಸ್ಯದ್ದಲ್ಲ. 2009ರ ಕೊನೆಗೆ ಮಲೇಷ್ಯಾದ್ದೇ ಒಂದು ಕಂಪನಿ ಫ್ರೆಂಡ್‌ಸ್ಟರನ್ನು ಕೊಂಡಿತು. 2011ರಲ್ಲಿ ಅದನ್ನು ಆಟಗಳ ತಾಣವಾಗಿ ಬದಲಾಯಿಸಲು ತೀರ್ಮಾನವಾಯಿತು. ಮೇ ತಿಂಗಳ ಕೊನೆಯನ್ನು ಗಡುವಾಗಿ ಕೊಟ್ಟು, ಬಳಕೆದಾರರ ಹಳೆಯ ಫೋಟೋ, ಸಂದೇಶ, ಟೆಸ್ಟಿಮೋನಿಯಲ್‌ಗಳನ್ನು ತೆಗೆದುಹಾಕಲಾಯಿತು. ಲಿಪಿ ಅವರದ್ದೇ ಇತ್ತು, ಕೊನೆಗೆ ಕಂಪನಿಯೂ ಅವರ ದೇಶದ್ದೇ ಆಯಿತು. ಆದರೂ ಹುಡುಗರು ಬರೆದದ್ದು ಉಳಿಯಲಿಲ್ಲ. ಮನೆ ಯಾರದ್ದಾದರೂ ಇರಲಿ, ಬಾಡಿಗೆದಾರ ಬಾಡಿಗೆದಾರನೇ.

ಗುರುತಿನ ಪಾಠ, ವದಂತಿಯ ಪಾಠ

ಆರ್ಕುಟ್‌ನಲ್ಲಿ ಮೊದಲು ಯಾರ ಸ್ಕ್ರ್ಯಾಪ್ ಪುಟವನ್ನಾದರೂ ಯಾರಾದರೂ ಓದಬಹುದಿತ್ತು. ನಾವು ಅದನ್ನು ಗೆಳೆಯರ ನಡುವಿನ ಮಾತು ಎಂದುಕೊಂಡಿದ್ದೆವು. ನಿಜದಲ್ಲಿ ಅದು ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಿಂತು ಕೂಗಿದ ಹಾಗೆ. ಪೋಲೀಸರೂ, ಮೇಷ್ಟ್ರೂ, ಮುಂದೆ ಕೆಲಸ ಕೊಡುವವರೂ ಓದಬಹುದಾಗಿತ್ತು.

2007ರಲ್ಲಿ ಬೆಂಗಳೂರಿನ ಒಬ್ಬ ಯುವ ಸಾಫ್ಟ್‌ವೇರ್ ಉದ್ಯೋಗಿಯನ್ನು ಪುಣೆಯ ಪೋಲೀಸರು ಬಂಧಿಸಿದರು. ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರ ಹಾಕಿದ್ದಾರೆ ಎಂಬುದು ಆರೋಪ. ಇಂಟರ್‌ನೆಟ್ ಸಂಪರ್ಕದ ಐಪಿ ವಿಳಾಸವನ್ನು ಹಿಡಿದು ಅವರನ್ನು ಹುಡುಕಲಾಗಿತ್ತು. ಕೊನೆಗೆ ಆ ವಿಳಾಸದ ಮಾಹಿತಿಯೇ ತಪ್ಪು, ಅವರಿಗೂ ಆ ಚಿತ್ರಕ್ಕೂ ಸಂಬಂಧವಿಲ್ಲ ಎಂದು ಗೊತ್ತಾಯಿತು. ಅಷ್ಟರಲ್ಲಿ ಅವರು 50 ದಿನ ಜೈಲಿನಲ್ಲಿ ಕಳೆದಿದ್ದರು. ಯಾರೋ ಮಾಡಿದ ಕೆಲಸಕ್ಕೆ ಇನ್ಯಾರೋ ಬೆಲೆ ತೆತ್ತರು. ನಮ್ಮ ಕೆಫೆಯಲ್ಲೂ ಹುಡುಗರು ತಮಾಷೆಗೆ ಸುಳ್ಳು ಹೆಸರಿನ ಖಾತೆ ತೆರೆಯುತ್ತಿದ್ದರು. ಈ ಸುದ್ದಿ ಓದಿದ ಮೇಲೆ ಆ ತಮಾಷೆ ನಿಂತಿತು.

ಎರಡನೆಯ ಘಟನೆಯಲ್ಲಿ ನನ್ನದೂ ಪಾಲಿದೆ. 2012ರ ಜುಲೈನಲ್ಲಿ ಅಸ್ಸಾಂನ ಕೊಕ್ರಾಝಾರ್ ಕಡೆ ಹಿಂಸಾಚಾರ ನಡೆಯಿತು. ಅದರ ಬೆನ್ನಿಗೇ ಆಗಸ್ಟ್‌ನಲ್ಲಿ, ರಂಜಾನ್ ಮುಗಿದ ಮೇಲೆ ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ವದಂತಿ ಎಸ್ಸೆಮ್ಮೆಸ್ಸುಗಳಲ್ಲಿ, ಸಾಮಾಜಿಕ ಜಾಲತಾಣಗಳಲ್ಲಿ ಹರಡಿತು. ಆಗಸ್ಟ್ 15ರಿಂದ ಕೆಲವೇ ದಿನಗಳಲ್ಲಿ ಸಾವಿರಾರು ಯುವಕ ಯುವತಿಯರು, ಗಾಂಧಿನಗರದಿಂದ ನಡೆದು ಹೋಗುವಷ್ಟು ಹತ್ತಿರವಿರುವ ಸಿಟಿ ರೈಲು ನಿಲ್ದಾಣದಿಂದ ಗುವಾಹಟಿ ರೈಲು ಹತ್ತಿದರು. ಸರ್ಕಾರ ಬೇಡಿಕೊಂಡಿತು. ನಗರದ ಮುಸ್ಲಿಂ ಮುಖಂಡರೂ ನಿಮಗೆ ಯಾವ ತೊಂದರೆಯೂ ಆಗದು, ಹೋಗಬೇಡಿ ಎಂದು ಮನವಿ ಮಾಡಿದರು. ಕೇಂದ್ರ ಸರ್ಕಾರ ದೇಶದಾದ್ಯಂತ 15 ದಿನ ಸಾಮೂಹಿಕ ಎಸ್ಸೆಮ್ಮೆಸ್ ನಿಲ್ಲಿಸಿ, ಒಬ್ಬರು ದಿನಕ್ಕೆ ಐದೇ ಸಂದೇಶ ಕಳಿಸಬಹುದು ಎಂದು ಮಿತಿ ಹಾಕಿತು.

ಆ ಸಂದೇಶ ನನಗೂ ಬಂದಿತ್ತು. ನಾನು ಆಗ ಎಂ.ಎ. ವಿದ್ಯಾರ್ಥಿ. ಎಚ್ಚರಿಕೆಯಿಂದಿರಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಅದನ್ನು ನಾಲ್ವರಿಗೆ ಕಳಿಸಿದೆ. ಅವರಲ್ಲಿ ಒಬ್ಬ ಮಣಿಪುರದ ಸಹಪಾಠಿ. ಅವನು ಮರುದಿನ ರಾತ್ರಿ ಊರಿಗೆ ಹೊರಟುಹೋದ. ಮತ್ತೆ ಪರೀಕ್ಷೆಗೆ ಬರಲಿಲ್ಲ. ದಾಳಿ ಮಾಡುವವರು ಎಂದು ಆ ಸಂದೇಶ ಹೇಳುತ್ತಿದ್ದದ್ದು ನನ್ನಂಥವರನ್ನೇ. ಅದು ಸುಳ್ಳು ಎಂದು ತಿಳಿಯಲು ನನಗೆ ಯಾವ ವೆಬ್‌ಸೈಟೂ ಬೇಕಿರಲಿಲ್ಲ. ಮನೆಯಲ್ಲಿ ಅಬ್ಬಾನನ್ನು, ಮಸೀದಿ ಬಳಿ ನಾಲ್ಕು ಜನರನ್ನು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ, ಕಳಿಸಿಬಿಟ್ಟೆ.

ಗಾಂಧಿನಗರ ಕಂಡ ಇನ್ನೊಂದು ಮುಖ

ಅದೇ ವರ್ಷಗಳಲ್ಲಿ ಇದೇ ಸಾಧನಗಳಿಂದ ಒಳ್ಳೆಯದೂ ಆಯಿತು. ಗಾಂಧಿನಗರ ಎಂದರೆ ಕನ್ನಡ ಚಿತ್ರರಂಗಕ್ಕೆ ಇನ್ನೊಂದು ಹೆಸರು. ನಿರ್ದೇಶಕ ಪವನ್ ಕುಮಾರ್ ತಮ್ಮ ಎರಡನೆಯ ಚಿತ್ರಕ್ಕೆ ನಿರ್ಮಾಪಕರು ಸಿಗದಿದ್ದಾಗ ಬ್ಲಾಗ್ ಮತ್ತು ಫೇಸ್‌ಬುಕ್ ಮೂಲಕ ನೇರವಾಗಿ ಪ್ರೇಕ್ಷಕರನ್ನೇ ಕೇಳಿದರು. ಒಂದು ತಿಂಗಳೊಳಗೆ ನೂರಕ್ಕೂ ಹೆಚ್ಚು ಜನ ಸುಮಾರು 50 ಲಕ್ಷ ರೂಪಾಯಿ ಕೊಟ್ಟರು. ಹಾಗೆ ತಯಾರಾದ ‘ಲೂಸಿಯಾ’ 2013ರ ಜುಲೈನಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದು, ಸೆಪ್ಟೆಂಬರ್‌ನಲ್ಲಿ ಇಲ್ಲಿ ಬಿಡುಗಡೆಯಾಯಿತು. ವದಂತಿ ಹರಡಿದ್ದೂ ಒಬ್ಬರಿಂದ ಒಬ್ಬರಿಗೆ, ಈ ಹಣ ಸೇರಿದ್ದೂ ಒಬ್ಬರಿಂದ ಒಬ್ಬರಿಗೆ. ವ್ಯತ್ಯಾಸ ಇಷ್ಟೇ: ಇಲ್ಲಿ ಕೇಳಿದವರು ತಮ್ಮ ಹೆಸರು ಹಾಕಿ ಕೇಳಿದರು, ಲೆಕ್ಕಕ್ಕೆ ಹೊಣೆಯಾದರು.

ಉಳಿಸಿಕೊಳ್ಳದೆ ಹೋದದ್ದು

ನನ್ನ ಗೆಳೆಯ 2010ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅದಕ್ಕೆ ಎರಡು ವರ್ಷ ಮೊದಲು ನನ್ನ ಹುಟ್ಟುಹಬ್ಬಕ್ಕೆ ಅವನು ಆರ್ಕುಟ್‌ನಲ್ಲಿ ಒಂದು ಟೆಸ್ಟಿಮೋನಿಯಲ್ ಬರೆದಿದ್ದ. ಕನ್ನಡ ಲಿಪಿಯಲ್ಲಿ, ಎಂಟು ಸಾಲು. ನಾನು ಕನ್ನಡ ಕಲಿತದ್ದನ್ನು, ಅವನ ಊರಿಗೆ ಹೋದಾಗ ಅವನ ತಾಯಿ ಮಾಡಿಕೊಟ್ಟ ಮುದ್ದೆ ನುಂಗಲು ನಾನು ಪಟ್ಟ ಪಾಡನ್ನು ಬರೆದಿದ್ದ. ಅವನು ಹೋದ ಮೇಲೆ ಆಗಾಗ ಆ ಪುಟ ತೆರೆದು ಓದುತ್ತಿದ್ದೆ. ಆಮೇಲೆ ಎಲ್ಲರಂತೆ ನಾನೂ ಫೇಸ್‌ಬುಕ್‌ಗೆ ಹೋದೆ.

2014ರ ಜೂನ್ 30ರಂದು ಗೂಗಲ್ ಆರ್ಕುಟನ್ನು ಮುಚ್ಚುವುದಾಗಿ ಹೇಳಿತು. ಸೆಪ್ಟೆಂಬರ್ 30ರಂದು ಮುಚ್ಚಿತು. ಬಳಕೆದಾರರು ತಮ್ಮ ಸ್ಕ್ರ್ಯಾಪ್, ಟೆಸ್ಟಿಮೋನಿಯಲ್, ಫೋಟೋಗಳನ್ನು ಇಳಿಸಿಕೊಳ್ಳಲು 2016ರ ಸೆಪ್ಟೆಂಬರ್‌ವರೆಗೆ ಅವಕಾಶ ಕೊಟ್ಟಿತ್ತು. ಅಂದರೆ ನನಗೆ ಎರಡು ವರ್ಷಕ್ಕಿಂತ ಹೆಚ್ಚು ಸಮಯವಿತ್ತು. ನಾಳೆ ಮಾಡೋಣ, ರಜೆಯಲ್ಲಿ ಮಾಡೋಣ ಎಂದು ಬಿಟ್ಟೆ. ತಪ್ಪು ನನ್ನದೇ.

2017ರಲ್ಲಿ ಅವನ ತಂಗಿಯ ಮದುವೆಗೆ ಹೋಗಿದ್ದೆ. ಊಟವಾದ ಮೇಲೆ ಅವನ ತಾಯಿ ಪಕ್ಕಕ್ಕೆ ಕರೆದು ಕೇಳಿದರು: ‘ಏನಪ್ಪಾ, ಅವ್ನು ಕಂಪ್ಯೂಟರ್‌ನಾಗೆ ಏನೇನೋ ಬರೀತಿದ್ನಂತೆ. ನಿನ್ನ ಹತ್ರ ಏನಾದ್ರೂ ಇದ್ರೆ ತೋರ್ಸು, ಮಗಳ ಕೈಲಿ ಓದಿಸ್ಕೊಂತೀನಿ.’ ಇಲ್ಲಮ್ಮ ಎಂದೆ. ನನಗೆ ನೆನಪಿದ್ದಷ್ಟನ್ನು ಹೇಳಿದೆ. ಮುದ್ದೆಯ ವಿಷಯಕ್ಕೆ ನಕ್ಕರು. ಆದರೆ ಅದು ನನ್ನ ಮಾತಾಗಿತ್ತು, ಅವನದ್ದಾಗಿರಲಿಲ್ಲ.

ನಮ್ಮ ಮನೆಗಳಲ್ಲಿ ‘ಅಮಾನತ್’ ಎಂಬ ಮಾತಿದೆ. ಒಬ್ಬರು ನಂಬಿ ನಮ್ಮ ಬಳಿ ಇಟ್ಟದ್ದು, ಕೇಳಿದಾಗ ಹಾಗೆಯೇ ಹಿಂದಿರುಗಿಸಬೇಕಾದ್ದು. ಗೆಳೆಯ ಬರೆದ ಆ ಎಂಟು ಸಾಲು ನನ್ನ ಬಳಿ ಇದ್ದ ಅಮಾನತ್. ಮಣಿಪುರದ ಸಹಪಾಠಿಯ ನೆಮ್ಮದಿಯೂ ಅಂಥದ್ದೇ ಆಗಿತ್ತು. ಒಂದನ್ನು ಉಳಿಸಿಕೊಳ್ಳಬೇಕಿತ್ತು, ಇನ್ನೊಂದರ ವಿಷಯದಲ್ಲಿ ಕೈ ತಡೆಯಬೇಕಿತ್ತು. ಎರಡನ್ನೂ ಮಾಡಲಿಲ್ಲ.

ಇದಕ್ಕೆ ಎದುರಾಗಿ ಒಂದು ಉದಾಹರಣೆ ಹೇಳಿ ಮುಗಿಸುತ್ತೇನೆ. ಕನ್ನಡ ವಿಕಿಪೀಡಿಯ ಆರಂಭವಾದದ್ದು 2003ರಲ್ಲಿ, ಆರ್ಕುಟ್‌ಗಿಂತ ಮೊದಲು. ಅಲ್ಲಿಯೂ ನಿಮ್ಮ ವಯಸ್ಸಿನವರು ಸಂಬಳವಿಲ್ಲದೆ ಬರೆದರು. ಅದು ಇಂದಿಗೂ ಇದೆ. ಅಲ್ಲಿನ ಬರಹವನ್ನು ಯಾರು ಬೇಕಾದರೂ ಪೂರ್ತಿಯಾಗಿ ಇಳಿಸಿಕೊಂಡು ಪ್ರತಿ ಇಟ್ಟುಕೊಳ್ಳಬಹುದು. ಒಂದು ಕಂಪನಿ ಬಾಗಿಲು ಹಾಕಿದರೆ ಎಲ್ಲವೂ ಹೋಗುವ ಹಾಗಿಲ್ಲ.

ನಿಮ್ಮ ಇನ್‌ಸ್ಟಾಗ್ರಾಂ ಕೂಡ ಒಂದು ದಿನ ಆರ್ಕುಟ್‌ನ ದಾರಿ ಹಿಡಿಯಬಹುದು. ಅದಕ್ಕೆ ಮೊದಲು ಈ ನಾಲ್ಕು ಕೆಲಸ ಮಾಡಿ:

1. ನಿಮ್ಮ ಫೋನಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಳ್ಳಿ. ಈ ವಾರ ಅಮ್ಮನಿಗೋ ಅಮ್ಮಿಗೋ ಒಂದು ಸಂದೇಶವನ್ನು ಕನ್ನಡ ಲಿಪಿಯಲ್ಲಿ ಕಳಿಸಿ. ಉರ್ದು ಬಲ್ಲವರು ಉರ್ದು ಲಿಪಿಯಲ್ಲೂ ಪ್ರಯತ್ನಿಸಿ.

2. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದೇ ಆಗಿಬಿಡುವ ಹತ್ತು ಕನ್ನಡ ಪದಜೋಡಿಗಳನ್ನು ಪಟ್ಟಿ ಮಾಡಿ. ಹಳ್ಳಿ ಮತ್ತು ಹಲ್ಲಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

3. ಹೆದರಿಕೆ ಹುಟ್ಟಿಸುವ ಸಂದೇಶ ಬಂದರೆ ಮುಂದಕ್ಕೆ ಕಳಿಸುವ ಮೊದಲು ಅದರಲ್ಲಿ ಹೆಸರಿಸಿದ ಜನರಲ್ಲಿ ಒಬ್ಬರನ್ನಾದರೂ ನೇರವಾಗಿ ಕೇಳಿ.

4. ನಿಮಗೆ ಬೇಕಾದವರು ನಿಮಗೆ ಬರೆದದ್ದರಲ್ಲಿ ಒಂದನ್ನು ಆರಿಸಿ, ಇವತ್ತು ರಾತ್ರಿಯೇ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದಿಡಿ. ತಾರೀಖು ಹಾಕಲು ಮರೆಯಬೇಡಿ.

ಎರಡನೆಯ ಪ್ರಶ್ನೆಯ ಉತ್ತರವನ್ನು ಸೋಮವಾರ ನನ್ನ ಮೇಜಿನ ಮೇಲಿಡಿ. ನಾಲ್ಕನೆಯದನ್ನು ನನಗೆ ತೋರಿಸಬೇಕಿಲ್ಲ.